ಬಂಡೆಯ ಮೇಲಿನ ಕಳೆ: ಕೀಳುವುದಕ್ಕೂ ಒಂದು ಕ್ರಮವಿದೆ

ಬಸವನಗುಡಿಯ ದೊಡ್ಡ ಬಸವಣ್ಣನ ದೇವಸ್ಥಾನದ ಮಗ್ಗುಲಲ್ಲೇ ಇರುವ ಕಹಳೆ ಬಂಡೆಯನ್ನು ಕಾಣದವರು ಹಳೆಯ ಬೆಂಗಳೂರಿನಲ್ಲಿ ವಿರಳ. ಕೆಂಪೇಗೌಡರ ವಂಶದವರ ಕಾಲದಲ್ಲಿ ಕಾವಲುಗಾರರು ಈ ಎತ್ತರದಲ್ಲಿ ನಿಂತು ಕಹಳೆ ಊದುತ್ತಿದ್ದರು, ಅದರಿಂದಲೇ ಈ ಹೆಸರು ಬಂತು ಎಂಬುದು ರೂಢಿಯ ಮಾತು. ಈಗ ಕಹಳೆಯ ಸದ್ದಿಲ್ಲ. ವಾಯುವಿಹಾರಕ್ಕೆ ಬರುವವರ ಹೆಜ್ಜೆ ಸಪ್ಪಳ, ಮರಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳ ಗಲಾಟೆ, ಉದ್ಯಾನದಲ್ಲಿ ಪ್ರತಿಮೆಯಾಗಿ ನಿಂತ ಡಿ.ವಿ.ಜಿ.ಯವರ ಮೌನ ಮಾತ್ರ ಇವೆ.

ಕಹಳೆ ಬಂಡೆಯಾಗಲಿ, ಲಾಲ್‌ಬಾಗಿನ ಬಂಡೆಯಾಗಲಿ, ಊರಿನ ಯಾವುದೇ ಕಲ್ಲುಗುಡ್ಡವಾಗಲಿ, ಮನುಷ್ಯರ ಕೈ ಎರಡು ಮಳೆಗಾಲ ತಪ್ಪಿದರೆ ಸಾಕು, ಅದರ ಸೀಳುಗಳಿಂದ ಹಸಿರು ತಲೆಯೆತ್ತುತ್ತದೆ. ಮೊದಲು ಹುಲ್ಲು, ಆಮೇಲೆ ಕಾಂಗ್ರೆಸ್ ಗಿಡ, ಅದರ ಹಿಂದೆ ಲಂಟಾನದ ಮುಳ್ಳುಪೊದೆ. ಕಾಲುದಾರಿ ಮುಚ್ಚುತ್ತದೆ. ಪೊದೆಯ ಮರೆಯಲ್ಲಿ ಕಸ ಸೇರುತ್ತದೆ, ಹಾವಿನ ಭಯ ಹುಟ್ಟುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಮ್ಮೆ ಪೂರ್ತಿ ಕ್ಲೀನ್ ಮಾಡಿಸಬೇಕು.’

ಕೇಳಲು ಸರಳವಾದ ಈ ಮಾತಿನಲ್ಲೇ ತೊಡಕಿದೆ. ಹೊಲದ ಕಳೆ ತೆಗೆಯುವ ವಿಧಾನ ಬಂಡೆಗೆ ಹೊಂದುವುದಿಲ್ಲ. ಹೊಲದಲ್ಲಿ ಕಳೆ ಕಿತ್ತರೆ ಮಣ್ಣು ಉಳಿಯುತ್ತದೆ. ಬಂಡೆಯ ಮೇಲೆ ಅವಸರದಲ್ಲಿ ಕಿತ್ತರೆ ಕಳೆಯೊಂದಿಗೆ ಮಣ್ಣೂ ಹೋಗುತ್ತದೆ, ಮರುವರ್ಷ ಕಳೆ ಮಾತ್ರ ತಿರುಗಿ ಬರುತ್ತದೆ.

ಬಂಡೆಯ ಬಾಳು

ಬೆಂಗಳೂರಿನ ನೆಲದಡಿ ಹಾಸಿಕೊಂಡಿರುವ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಪೆನಿನ್ಸುಲರ್ ನೈಸ್. 1916ರಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಇದರ ವಯಸ್ಸು 250 ಕೋಟಿ ವರ್ಷಗಳಿಂದ 340 ಕೋಟಿ ವರ್ಷಗಳವರೆಗೆ ಎಂದು ಲೆಕ್ಕ ಹಾಕಲಾಗಿದೆ. ಇದೇ ಕಾರಣಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1975ರಲ್ಲಿ ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಕಹಳೆ ಬಂಡೆ ಇದೇ ಕಲ್ಲಿನ ಕುಟುಂಬಕ್ಕೆ ಸೇರಿದ್ದು.

ಇಷ್ಟು ಪುರಾತನ ಕಲ್ಲಿನ ಮೇಲೆ ಕೂತ ಮಣ್ಣು ಮಾತ್ರ ಕೆಲವೇ ಅಂಗುಲದ್ದು. ಹಗಲಿನ ಬಿಸಿಲಿಗೆ ಕಾದು ರಾತ್ರಿ ತಣಿಯುವ ಕಲ್ಲು ಪದರ ಪದರವಾಗಿ ಏಳುತ್ತದೆ. ಸೀಳಿಗೆ ಇಳಿದ ಮಳೆನೀರು ಅಭ್ರಕ, ಫೆಲ್ಡ್‌ಸ್ಪಾರ್‌ಗಳನ್ನು ನಿಧಾನಕ್ಕೆ ಸವೆಸುತ್ತದೆ. ಮೊದಲು ನೆಲೆಯೂರುವುದು ಕಲ್ಲುಹೂವು. ಅಡಿಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಂಧುಗಳೇ ಬಂಡೆಯ ಮೈಮೇಲೆ ಬೂದು, ಹಸಿರು ಮಚ್ಚೆಗಳಾಗಿ ಕಾಣುವುದು. ಇವು ಒಸರುವ ಆಮ್ಲ ಕಲ್ಲನ್ನು ಚೂರು ಚೂರೇ ಕರಗಿಸುತ್ತದೆ. ಆಮೇಲೆ ಪಾಚಿ, ಅದರಲ್ಲಿ ಸಿಕ್ಕಿಬಿದ್ದ ಧೂಳು, ಆ ಧೂಳಿನಲ್ಲಿ ಹುಲ್ಲಿನ ಬೀಜ. ಹೀಗೆ ಒಂದು ಅಂಗುಲ ಮಣ್ಣು ಕೂಡಿಕೊಳ್ಳಲು ನೂರಾರು ವರ್ಷ ಬೇಕು. ಒಂದು ಮುಂಗಾರಿನ ಬಿರುಸು ಮಳೆಗೆ ಅದು ಕೊಚ್ಚಿಹೋಗಲು ಅರ್ಧ ಗಂಟೆ ಸಾಕು.

ಈ ತೆಳು ಮಣ್ಣಿಗೆ ಹೊಂದಿಕೊಂಡ ಸಸ್ಯಗಳೇ ಬೇರೆ. ಮಯೂರಶಿಖಿ ಎಂಬ ಪುಟ್ಟ ಜರಿಗಿಡ ಕಲ್ಲಿನ ಸಂದಿಯಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಸುರುಟಿ ಸತ್ತಂತೆ ಕಾಣುವ ಅದು ಮಳೆ ಬಿದ್ದ ಮೇಲೆ ನವಿಲಿನ ಜುಟ್ಟಿನಂತೆ ಬಿಚ್ಚಿಕೊಳ್ಳುತ್ತದೆ. ತಂಗಡಿ, ಬಂದರೆ, ಕವಳಿ, ಕಾರೆ ಮುಂತಾದವು ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳ ಸಹಜ ಪೊದೆಗಳು. ಬರಿಬಂಡೆಯೂ ಬರಿದಲ್ಲ. ಬಂಡೆ ಓತಿಕ್ಯಾತ ಬಿಸಿಲು ಕಾಯಿಸಲು, ಎದುರಾಳಿಗೆ ತನ್ನ ಬಣ್ಣ ತೋರಿಸಲು ಆರಿಸಿಕೊಳ್ಳುವುದು ತೆರೆದ ಕಲ್ಲನ್ನೇ. ಬೆಂಗಳೂರಿನ ಅಂಚಿನಲ್ಲಿ ಬಾಳುವ ಈ ಓತಿಗಳು ಹಳ್ಳಿಗಾಡಿನವುಗಳಿಗಿಂತ ಬೇಗ ಸುರಕ್ಷಿತ ಅಡಗುದಾಣ ಗುರುತಿಸಲು ಕಲಿಯುತ್ತವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ದರು. ಲಂಟಾನ ಕವಿದ ಬಂಡೆಯ ಮೇಲೆ ಓತಿಗೂ ಬಿಸಿಲಿಲ್ಲ, ಮಯೂರಶಿಖಿಗೂ ಜಾಗವಿಲ್ಲ.

ಕುಡುಗೋಲು ಹೋಯಿತು, ಪೊದೆ ಬಂತು

ಹಿಂದಿನ ಕಾಲದಲ್ಲಿ ಬಂಡೆಗಳನ್ನು ಯಾರು ಕ್ಲೀನ್ ಮಾಡಿಸುತ್ತಿದ್ದರು ಎಂದು ಕೇಳಿದರೆ ಉತ್ತರ ಕುತೂಹಲಕರ. ಆ ಹೆಸರಿನ ಕೆಲಸವೇ ಇರಲಿಲ್ಲ. ಇಂದಿನ ಬಸವನಗುಡಿ ಒಂದು ಕಾಲಕ್ಕೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳ ಸೀಮೆ. ಹೊಲವಿದ್ದಲ್ಲಿ ದನ, ಕುರಿ, ಮೇಕೆಗಳು ಇದ್ದವು. ಉಳುಮೆಗೆ ಬಾರದ ಕಲ್ಲುಗುಡ್ಡವೇ ಹಳ್ಳಿಯವರಿಗೆ ಮೇವಿನ ತಾಣ, ಸೌದೆಯ ತಾಣ. ಹುಲ್ಲು ಬೆಳೆದರೆ ದನ ಮೇಯುತ್ತಿತ್ತು ಇಲ್ಲವೇ ಕುಡುಗೋಲು ಕೊಯ್ಯುತ್ತಿತ್ತು. ಪೊದೆ ಒಣಗಿದರೆ ಒಲೆ ಸೇರುತ್ತಿತ್ತು. ಬಂಡೆಯನ್ನು ಹದವಾಗಿ ಇಟ್ಟದ್ದು ಯಾವ ಇಲಾಖೆಯೂ ಅಲ್ಲ, ನಿತ್ಯದ ಅಗತ್ಯ.

ದೊಡ್ಡ ಬಸವಣ್ಣನ ಸ್ಥಳಪುರಾಣವೂ ಮೇವಿನ ಕಥೆಯೇ ಎಂಬುದು ಗಮನಾರ್ಹ. ಕಡಲೆಕಾಯಿ ಹೊಲಕ್ಕೆ ನುಗ್ಗಿ ಮೇಯುತ್ತಿದ್ದ ಬಸವನಿಗೆ ರೈತನೊಬ್ಬ ಹೊಡೆದ, ಅದು ಅಲ್ಲೇ ಕಲ್ಲಾಯಿತು, ಮನನೊಂದ ರೈತರು ಗುಡಿ ಕಟ್ಟಿ ಮೊದಲ ಬೆಳೆಯನ್ನು ಅರ್ಪಿಸಿದರು ಎನ್ನುತ್ತದೆ ಕಥೆ. ಸುಮಾರು 15 ಅಡಿ ಎತ್ತರದ ಆ ಏಕಶಿಲೆಯ ಬಸವನ ಮುಂದೆ ಕಾರ್ತಿಕ ಮಾಸದ ಕಡೆಯ ಸೋಮವಾರ ಇಂದಿಗೂ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಹೆಸರಿನಲ್ಲಂತೂ ಕಾಡೇ ಉಳಿದುಕೊಂಡಿದೆ.

1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗು ಜನರನ್ನು ಇಕ್ಕಟ್ಟಾದ ಪೇಟೆಯಿಂದ ಹೊರಗೆ ಅಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬತೊಡಗಿದವು. ಹೊಲಗಳು ಸೈಟುಗಳಾದವು. ಹಲವು ಬಂಡೆಗಳು ಚಪ್ಪಡಿ, ಜಲ್ಲಿಗಳಾಗಿ ಮನೆಗಳ ಗೋಡೆ, ತಳಪಾಯ ಸೇರಿದವು. ಮನೆಮನೆಗೆ ಸೀಮೆಎಣ್ಣೆ, ಆಮೇಲೆ ಗ್ಯಾಸ್ ಬಂದು ಸೌದೆ ಆರಿಸುವವರು ಇಲ್ಲವಾದರು. ದನಗಳು ಊರ ಹೊರಗೆ ಸರಿದವು. ಉಳಿದ ಬಂಡೆಗಳಿಗೆ ಬೇಲಿ ಬಿತ್ತು. ಬಂಡೆ ಉಳಿಯಿತು, ಅದರ ಮೇಲಿನ ಕುಡುಗೋಲು ಮಾತ್ರ ಹೋಯಿತು.

ಇಂಥದೇ ಬದಲಾವಣೆ ದೊಡ್ಡ ಪ್ರಮಾಣದಲ್ಲಿ ನಡೆದದ್ದನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಣಬಹುದು. ಅಲ್ಲಿನ ಸೋಲಿಗರು ಬೇಸಿಗೆಯ ಆರಂಭದಲ್ಲೇ ಒಣ ತರಗಿಗೆ ಹಗುರವಾದ ಬೆಂಕಿ ಹಾಕುತ್ತಿದ್ದರು. ಎಳೆಯ ಲಂಟಾನ ಅದರಲ್ಲಿ ಸುಟ್ಟುಹೋಗುತ್ತಿತ್ತು ಎಂಬುದು ಅವರ ಅನುಭವದ ಮಾತು. 1970ರ ದಶಕದಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲೂ 2008ರಲ್ಲೂ ಅಳತೆ ಮಾಡಿದಾಗ ಲಂಟಾನ ಕಂಡುಬಂದ ಜಾಗಗಳು ಆ ಹನ್ನೊಂದು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ನಗರದ ಬಂಡೆಗೆ ಬೆಂಕಿ ಹಾಕಬೇಕೆಂದು ಇದರ ಅರ್ಥವಲ್ಲ. ಇಲ್ಲಿ ಅದು ಅಪಾಯಕಾರಿ. ಜನರ ದಿನನಿತ್ಯದ ಕೈ ಹಿಂದೆ ಸರಿದಾಗ ಆ ಜಾಗವನ್ನು ಪೊದೆ ತುಂಬುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಕಡಲೆಕಾಯಿಯೂ ಹೊರಗಿನದೇ

ಲಂಟಾನ ಅಮೆರಿಕದ ಉಷ್ಣವಲಯದ ಗಿಡ. ಅದರ ಬಣ್ಣಬಣ್ಣದ ಹೂಗೊಂಚಲಿಗೆ ಮರುಳಾಗಿ 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಿತ್ತಿಲ ಬೇಲಿಗೆಂದು ನೆಟ್ಟದ್ದು ಬೇಲಿ ದಾಟಿತು. ಪಿಕಳಾರ, ಗೊರವಂಕಗಳು ಅದರ ಕಪ್ಪು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಬಿತ್ತಿದವು. ಭಾರತದ ಹುಲಿ ನೆಲೆಗಳ ಕಾಡಿನಲ್ಲೇ ಅದು 1.54 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. ಕಾಂಗ್ರೆಸ್ ಗಿಡ ಎಂದು ಜನ ಕರೆಯುವ ಪಾರ್ಥೇನಿಯಂ ಕೂಡ ಅಮೆರಿಕ ಖಂಡದ್ದೇ. 1950ರ ದಶಕದ ನಡುಭಾಗದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಅದು ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ಆವರಿಸಿತು.

ಹಾಗೆಂದು ಹೊರಗಿನಿಂದ ಬಂದ ಗಿಡವೆಲ್ಲ ಶತ್ರುವೆನ್ನಲು ಬಾರದು. ಪರಿಷೆಯಲ್ಲಿ ಸೇರುಗಟ್ಟಲೆ ಕೊಳ್ಳುವ ಕಡಲೆಕಾಯಿಯೂ ದಕ್ಷಿಣ ಅಮೆರಿಕದಿಂದಲೇ ಬಂದದ್ದು. ಕಡಲೆಕಾಯಿಯನ್ನು ಬಿತ್ತುವವನಿದ್ದಾನೆ, ಕೀಳುವವನಿದ್ದಾನೆ, ತಿನ್ನುವವನಿದ್ದಾನೆ. ಲಂಟಾನಕ್ಕೆ ಇಲ್ಲಿ ಅಂಥವರಿಲ್ಲ. ಅದರ ಎಲೆಯ ವಿಷ ದನಕರುಗಳ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಆದ್ದರಿಂದ ಮೇಯುವ ಪ್ರಾಣಿಗಳು ಸುತ್ತಲಿನ ಹುಲ್ಲನ್ನು ತಿಂದು ಅದನ್ನು ಬಿಟ್ಟುಬಿಡುತ್ತವೆ. ಇದರಿಂದ ಲಂಟಾನಕ್ಕೆ ಮತ್ತಷ್ಟು ಜಾಗ ಸಿಗುತ್ತದೆ. ಕೆಲವರು ಸೂಚಿಸುವಂತೆ ಇಂದು ಮೇಕೆ ಬಿಟ್ಟು ಬಂಡೆಯನ್ನು ತೆರವು ಮಾಡಿಸುವುದು ಫಲಿಸದಿರಲು ಇದೇ ಕಾರಣ.

ಕಡಿದಷ್ಟೂ ಚಿಗುರುವ ಗಿಡ

ಸಾಮಾನ್ಯವಾಗಿ ನಡೆಯುವ ಕ್ರಮ ಹೀಗಿದೆ. ವರ್ಷಕ್ಕೊಮ್ಮೆ, ಹಬ್ಬವೋ ಸಮಾರಂಭವೋ ಹತ್ತಿರ ಬಂದಾಗ ಗುತ್ತಿಗೆಯ ಆಳುಗಳು ಬಂದು ಮಚ್ಚಿನಿಂದ ಪೊದೆಯನ್ನು ಮೊಣಕಾಲೆತ್ತರಕ್ಕೆ ಕಡಿಯುತ್ತಾರೆ. ನೋಡಲು ಬಂಡೆ ಬಯಲಾಯಿತು. ಲಂಟಾನದ ಮಟ್ಟಿಗೆ ಇದು ಹಿತ್ತಿಲ ಗುಲಾಬಿಯನ್ನು ಸವರಿದಂತೆ. ಒಂದು ಮೋಟಿನಿಂದ ಹತ್ತು ಕವಲೊಡೆದು ಮುಂದಿನ ಮಳೆಗೆ ಪೊದೆ ಇನ್ನಷ್ಟು ದಟ್ಟವಾಗುತ್ತದೆ. ಕಡಿದ ಹಸಿಕೊಂಬೆಯನ್ನು ತೇವದ ಮಣ್ಣಿನ ಮೇಲೆ ಎಸೆದರೆ ಅದೂ ಬೇರು ಬಿಡಬಲ್ಲದು.

ಭುಜಕ್ಕೆ ತಗುಲಿಸಿಕೊಳ್ಳುವ ಪೆಟ್ರೋಲಿನ ಕಳೆ ಯಂತ್ರ ಸಮತಟ್ಟಾದ ಹುಲ್ಲುಹಾಸಿಗೆ ಸರಿ. ಏರುಪೇರಾದ ಬಂಡೆಯಲ್ಲಿ ಅದರ ಅಲಗು ಕಲ್ಲಿಗೆ ತಾಗಿ ಚೂರುಗಳು ಸಿಡಿಯುತ್ತವೆ. ಹಿಡಿದವನ ಕಣ್ಣಿಗೂ ದಾರಿಹೋಕರಿಗೂ ಅಪಾಯ. ಯಂತ್ರಗಳಿಂದ ಪೊದೆಯನ್ನು ಬುಡಸಮೇತ ಬಾಚಿದರೆ ಇದ್ದ ಬೊಗಸೆ ಮಣ್ಣೂ ಅದರೊಂದಿಗೆ ಹೋಗುತ್ತದೆ. ಕಳೆನಾಶಕ ಹೊಡೆದರೆ ಅದನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ಬಂಡೆಯಲ್ಲಿಲ್ಲ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಕೆಂಪಾಂಬುಧಿ ಕೆರೆಯ ಕಡೆಗೂ ವೃಷಭಾವತಿಯ ಕಣಿವೆಗೂ ಹರಿಯುತ್ತದೆ. ಮೇಲೆ ಸಿಂಪಡಿಸಿದ್ದು ಕೆಳಗಿನವರ ನೀರಿಗೆ ಸೇರುತ್ತದೆ.

ಸೀಳಿಗೆ ಸಿಮೆಂಟು ತುಂಬುವುದು ಇನ್ನೊಂದು ‘ಶಾಶ್ವತ’ ಪರಿಹಾರ. ಅದರಿಂದ ಕಳೆ ಬಾರದಿರಬಹುದು, ಮಳೆನೀರು ಇಳಿಯುವ ದಾರಿಯೂ ಮುಚ್ಚುತ್ತದೆ. ಬಂಡೆಯ ಬಾಳು ನಡೆಯುವುದೇ ಸೀಳಿನಲ್ಲಿ.

ಬೇರಿನಿಂದ ಆರಂಭ

ಲಂಟಾನವನ್ನು ಬೇರುಸಹಿತ ಅಗೆಯುವುದು ಶ್ರಮದ, ಮಣ್ಣು ಕೆಡಿಸುವ ಕೆಲಸ. ಮೇಲೆ ಕಡಿಯುವುದು ವ್ಯರ್ಥ. ಇವೆರಡರ ನಡುವಿನ ಹಾದಿಯೊಂದನ್ನು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಲಂಟಾನ ಮರುಚಿಗುರುವುದು ಕಾಂಡ ಹಾಗೂ ಬೇರು ಕೂಡುವ ಗಂಟಿನಿಂದ. ಆ ಗಂಟಿನ ಕೆಳಗೆ, ಅಂದರೆ ಮಣ್ಣಿನಿಂದ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕತ್ತರಿಸಿದರೆ ಕೆಳಗೆ ಉಳಿದ ಬೇರು ಚಿಗುರುವುದಿಲ್ಲ. ಪೊದೆಯನ್ನು ಎತ್ತಿ ಬೇರು ಮೇಲಾಗಿ ಮಗುಚಿಟ್ಟರೆ ಅದು ಒಣಗಿಹೋಗುತ್ತದೆ. ಮಣ್ಣು ಹೆಚ್ಚು ಕದಲುವುದಿಲ್ಲ.

ಬಂಡೆಯಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದೆ. ಮಗುಚಿದ ಪೊದೆಯನ್ನು ಬರಿಗಲ್ಲಿನ ಮೇಲೆ ಬಿಸಾಡಿದರೆ ಬಿಸಿಲೇ ಅದನ್ನು ಒಣಗಿಸುತ್ತದೆ. ಪೂರ್ತಿ ಒಣಗಿದ ಕಡ್ಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಜೋಡಿಸಿ ಕಲ್ಲು ಹೇರಿದರೆ ಹರಿಯುವ ನೀರು ನಿಧಾನವಾಗಿ ಮಣ್ಣು ಅಲ್ಲೇ ತಂಗುತ್ತದೆ. ರೈತರು ಹೊಲಕ್ಕೆ ಹಾಕುವ ಒಡ್ಡಿನ ಚಿಕ್ಕ ರೂಪವಿದು.

ಬೇರು ಆಳದ ಸೀಳಿನಲ್ಲಿದ್ದು ಪಿಕಾಸಿಯಾಗಲಿ ಹಾರೆಯಾಗಲಿ ತಲುಪದಿದ್ದರೆ ಬಂಡೆ ಒಡೆಯಬೇಕಿಲ್ಲ. ಗಿಡವನ್ನು ಕಲ್ಲಿನ ಮಟ್ಟಕ್ಕೆ ಕತ್ತರಿಸಿ, ಚಿಗುರು ಬಂದಾಗಲೆಲ್ಲ ಚಿವುಟುತ್ತ ಹೋಗಬೇಕು. ಎಲೆಯಿಲ್ಲದೆ ಬೇರಿನ ಸಂಗ್ರಹ ಬರಿದಾಗಿ ಗಿಡ ಕ್ರಮೇಣ ಸೋಲುತ್ತದೆ. ಇದಕ್ಕೆ ಬೇಕಾದದ್ದು ಬಲಕ್ಕಿಂತ ತಾಳ್ಮೆ.

ಸಮಯವೂ ಮುಖ್ಯ. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಕಟ್ಟುವ ಮುನ್ನ ಕೆಲಸ ಹಿಡಿಯುವುದು ಲೇಸು. ಪಾರ್ಥೇನಿಯಂ ಒಂದು ಗಿಡವೇ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಹೂ ಬಿಟ್ಟ ಮೇಲೆ ಕಿತ್ತು ಝಾಡಿಸಿದರೆ ಬಿತ್ತನೆ ಮಾಡಿದಂತೆಯೇ. ಅದು ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುವುದರಿಂದ ಕೈಚೀಲ, ಮೂಗಿಗೆ ಬಟ್ಟೆ ಅಗತ್ಯ. ಪೊದೆಗೆ ಕೈ ಹಾಕುವ ಮುನ್ನ ಉದ್ದನೆಯ ಕೋಲಿನಿಂದ ತಟ್ಟಿ ಸದ್ದು ಮಾಡಿದರೆ ಹಾವಿಗೆ ಸರಿದುಹೋಗಲು ಅವಕಾಶವಾಗುತ್ತದೆ. ಬೀಜ ನೀರಿನೊಂದಿಗೆ ಕೆಳಕ್ಕೆ ಹರಿಯುವುದರಿಂದ ಕೆಲಸ ಮೇಲಿನಿಂದ ಆರಂಭವಾಗಬೇಕು. ಇಡೀ ಬಂಡೆಯನ್ನು ಒಂದೇ ಸಲ ಬೋಳಿಸದೆ ಪಟ್ಟಿ ಪಟ್ಟಿಯಾಗಿ ತೆಗೆದರೆ ಮಣ್ಣಿಗೂ ಹಕ್ಕಿಗಳಿಗೂ ಆಸರೆ ಉಳಿಯುತ್ತದೆ.

ತೆಗೆದ ಜಾಗವನ್ನು ಹಾಗೇ ಬಿಟ್ಟರೆ ಶ್ರಮವೆಲ್ಲ ನೀರುಪಾಲು. ಬರಿದಾದ ಮಣ್ಣಿನ ಮೇಲೆ ಮೊದಲು ಮೊಳೆಯುವುದು ಮತ್ತೆ ಅದೇ ಕಳೆ. ಅಲ್ಲಿಗೆ ಹುಲ್ಲು, ತಂಗಡಿ, ಬಂದರೆಯಂಥ ಇಲ್ಲಿನ ಗಿಡಗಳು ಬರಬೇಕು. ಜಾಗ ತುಂಬುವ ಗಿಡದಿಂದಲೇ ಕಳೆಯನ್ನು ಹತ್ತಿಕ್ಕುವ ಈ ತತ್ವವನ್ನು ಪಾರ್ಥೇನಿಯಂ ವಿಷಯದಲ್ಲಿ ಪ್ರಚಾರ ಮಾಡಿದವರಲ್ಲಿ ಕೃಷಿ ವಿಜ್ಞಾನಿ ಎಂ. ಮಹದೇವಪ್ಪ ಪ್ರಮುಖರು. ಆಮೇಲೆ ಎರಡು ಮೂರು ವರ್ಷ ಪ್ರತಿ ಮಳೆಯ ನಂತರ ಸಸಿಗಳನ್ನು ಕೈಯಿಂದ ಕೀಳಬೇಕು. ಎಳೆಯ ಸಸಿ ಎರಡು ಬೆರಳಿಗೆ ಬರುತ್ತದೆ; ಬಿಟ್ಟರೆ ಎರಡು ವರ್ಷಕ್ಕೆ ಪಿಕಾಸಿ ಬೇಕಾಗುತ್ತದೆ.

ಹುಳುಗಳ ನೆರವು

ಕಲ್ಲುನೆಲದ ಕಳೆಯ ಮೇಲೆ ಮನುಷ್ಯ ಸಾಧಿಸಿದ ಬಹುದೊಡ್ಡ ಗೆಲುವು ಹುಳುವೊಂದರ ಮೂಲಕ ಬಂದದ್ದು. ದಕ್ಷಿಣ ಭಾರತದ ಕಲ್ಲುಭೂಮಿಯನ್ನೆಲ್ಲ ಪಾಪಾಸುಕಳ್ಳಿ ಆಕ್ರಮಿಸಿದ್ದ ಕಾಲದಲ್ಲಿ, 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್ ಜಾತಿಯ ಹುಳುವನ್ನು ತರಿಸಿ ಬಿಡಲಾಯಿತು. ಐದಾರು ವರ್ಷಗಳಲ್ಲಿ ಸುಮಾರು 40 ಸಾವಿರ ಹೆಕ್ಟೇರಿನ ಕಳ್ಳಿ ನಾಶವಾಯಿತು.

ಅದೇ ಆಸೆಯಿಂದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮಾ ಎಂಬ ಜೀರುಂಡೆಯನ್ನು ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ಜಾಲರಿ ಮಾಡುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಕಳೆಯ ಸೊಕ್ಕು ಇಳಿಯಿತು, ಸಂತತಿ ಅಳಿಯಲಿಲ್ಲ. ಲಂಟಾನದ ಮೇಲೂ ಹಲವು ಕೀಟಗಳನ್ನು ಪ್ರಯೋಗಿಸಲಾಯಿತು. ಪಾಪಾಸುಕಳ್ಳಿಯಂಥ ಗೆಲುವು ಸಿಗಲಿಲ್ಲ. ಹುಳು ನೆರವಾಗಬಹುದು, ಮನುಷ್ಯನ ಕೈಗೆ ಬದಲಾಗಲಾರದು.

ಕಿತ್ತ ಕಳೆಗೆ ಬೆಲೆ ಬಂದರೆ ಕೀಳುವ ಕೈ ತಾನಾಗಿ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ತರಬೇತಿಯಿಂದ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ, ಆಟಿಕೆಗಳನ್ನು ಮಾಡುತ್ತಾರೆ. 2024ರ ಫೆಬ್ರುವರಿಯಲ್ಲಿ ಲಾಲ್‌ಬಾಗಿನಲ್ಲಿ ನಿಂತಿದ್ದ ಆನೆಗಾತ್ರದ ಆನೆಗಳನ್ನು ಜನ ಮುಗಿಬಿದ್ದು ನೋಡಿದರು. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಕಟ್ಟಿದ ಆ ಆನೆಗಳ ಮೈಯೆಲ್ಲ ಲಂಟಾನ.

ಎರಡು ವಾದ, ಒಂದು ಬಂಡೆ

ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಜಗಳವಿಲ್ಲದಿಲ್ಲ. ವಾಯುವಿಹಾರಿಗಳಿಗೆ ದಾರಿ ತೆರವಾಗಿರಬೇಕು, ಮುಸ್ಸಂಜೆಯಲ್ಲಿ ಹೆಂಗಸರು ಮಕ್ಕಳು ನಿರ್ಭಯವಾಗಿ ನಡೆಯುವಂತಿರಬೇಕು. ಇದು ನ್ಯಾಯವಾದ ಬೇಡಿಕೆ. ಹಕ್ಕಿ, ಚಿಟ್ಟೆಗಳ ಒಲವುಳ್ಳವರಿಗೆ ಪೊದೆ ಬೇಕು. ಲಂಟಾನದ ಹೂವಿಗೂ ಚಿಟ್ಟೆಗಳು ಬರುತ್ತವೆ ಎಂಬ ಅವರ ಮಾತು ಸುಳ್ಳಲ್ಲ. ದಾರಿಯ ಎರಡೂ ಬದಿ ಕಣ್ಣು ಹಾಯುವಷ್ಟು ತೆರವು ಮಾಡಿ, ಒಳಭಾಗದಲ್ಲಿ ಲಂಟಾನದ ಬದಲು ಇಲ್ಲಿನ ಪೊದೆಗಳನ್ನು ಹಂತಹಂತವಾಗಿ ಬೆಳೆಸಿದರೆ ಇಬ್ಬರ ಕೋರಿಕೆಯೂ ಈಡೇರೀತು.

ಇನ್ನೊಂದು ತೊಡಕು ಅರಳಿ, ಬಸರಿ, ಅತ್ತಿಯಂಥ ಮರಗಳದ್ದು. ಹಕ್ಕಿ, ಬಾವಲಿಗಳ ಹಿಕ್ಕೆಯಲ್ಲಿ ಬಂದ ಬೀಜ ಸೀಳಿನಲ್ಲಿ ಮೊಳೆತು, ಬೇರು ದಪ್ಪವಾದಂತೆ ಕಲ್ಲನ್ನೇ ಅಗಲಿಸುತ್ತದೆ. ಗೋಪುರ, ಗುಡಿಯ ಗೋಡೆಗಳಲ್ಲಿ ಮೊಳೆತ ಸಸಿಯನ್ನು ಅಂಗುಲವಿದ್ದಾಗಲೇ ತೆಗೆಯುವುದು ವಿವೇಕ. ಬೆಳೆದು ನಿಂತ ಮರವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೇವಲ ಬಂಡೆಯ ಮೇಲೆ ನಿಂತ ಮರವಾದರೆ ಬಿಟ್ಟುಬಿಡುವುದೂ ಒಂದು ನಿರ್ವಹಣೆಯೇ. ಬಾವಲಿಯ ಹಣ್ಣು, ಬಾವಲಿಯ ಮನೆ ಎರಡೂ ಅದೇ.

ವರ್ಷಕ್ಕೊಮ್ಮೆ ನಡೆಯುವ ಭಾರಿ ಸ್ವಚ್ಛತಾ ಕಾರ್ಯಕ್ರಮಕ್ಕಿಂತ ವಾರಕ್ಕೆ ಎರಡು ಗಂಟೆ, ಕಳೆ ಯಾವುದು ಬಂಡೆಯ ಮಗು ಯಾವುದು ಎಂದು ಬಲ್ಲ ನಾಲ್ಕು ಜನರ ಕೈ ಮೇಲು. ಹಿಂದೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸರಿಗೆ, ದನ ಕಾಯುತ್ತಿದ್ದ ಹುಡುಗರಿಗೆ ಈ ತಿಳಿವಳಿಕೆ ಬದುಕಿನ ಭಾಗವಾಗಿತ್ತು. ಈಗ ಅದನ್ನು ತೋಟದ ಮಾಲಿಗೆ, ಬಡಾವಣೆಯ ಸಂಘಕ್ಕೆ, ಶಾಲೆಯ ಮಕ್ಕಳಿಗೆ ಕಲಿಸಬೇಕಾಗಿದೆ. ಗುತ್ತಿಗೆ ಬರೆಯುವ ಕಚೇರಿಯೂ ‘ಎಷ್ಟು ಚದರಡಿ ಬೋಳಾಯಿತು’ ಎಂಬುದರ ಬದಲು ‘ಮೂರನೆಯ ವರ್ಷ ಎಷ್ಟು ಕಳೆ ಮರಳಿತು’ ಎಂದು ಅಳೆಯುವುದಾದರೆ ಕೆಲಸದ ರೀತಿಯೇ ಬದಲಾದೀತು. ಕಳೆದುಹೋದ ಹುಲ್ಲುಹಾಸನ್ನು ಒಂದು ಮಳೆಗಾಲದಲ್ಲಿ ಮತ್ತೆ ಬೆಳೆಸಬಹುದು. ಬಂಡೆಯಿಂದ ಜಾರಿಹೋದ ಒಂದು ಅಂಗುಲ ಮಣ್ಣನ್ನು ಯಾವ ಟೆಂಡರಿನಲ್ಲೂ ಕೊಳ್ಳಲಾಗದು.